ಅಜ್ಜಿಗೆ ‘ಅಕ್ಕರೆಯ’ ಅಂತ ಬರೆಯಬಹುದಾ?

ಪ್ರಶ್ನೆ: ಶಿವಮೊಗ್ಗದ ಮೊಮ್ಮಗಳು
ನಮ್ಮಜ್ಜಿಗೆ ಈ ತಿಂಗಳು 80 ತುಂಬುತ್ತದೆ. ಮೊಮ್ಮಕ್ಕಳೆಲ್ಲ ಸೇರಿ ಫೋಟೋ ಆಲ್ಬಂ ಮಾಡಿಸುತ್ತಿದ್ದೇವೆ. ಮೊದಲ ಪುಟಕ್ಕೆ ‘ನಮ್ಮ ಅಕ್ಕರೆಯ ಅಜ್ಜಿಗೆ’ ಅಂತ ಬರೆದೆ. ಸೋದರಮಾವ ಒಪ್ಪುತ್ತಿಲ್ಲ. ಅಕ್ಕರೆ ದೊಡ್ಡವರು ಚಿಕ್ಕವರ ಮೇಲೆ ಇಡೋದು, ‘ಪೂಜ್ಯ’ ಅಂತ ಹಾಕು ಅನ್ನುತ್ತಾರೆ. ಹಾಗೆ ಬರೆದರೆ ಅಜ್ಜಿ ಎಲ್ಲೋ ದೂರ ಕೂತ ಹಾಗಾಗುತ್ತದೆ. ನಾನು ಊರಿಗೆ ಹೋದರೆ ಡಬ್ಬಿಯಿಂದ ಹಲಸಿನ ಹಪ್ಪಳ ತೆಗೆದು, ಕೆಂಡದ ಮೇಲೆ ಸುಟ್ಟು, ಕೊಬ್ಬರಿ ಎಣ್ಣೆ ಸವರಿ ಕೈಗಿಡುವವರು ಅವರು. ತಿಳಿದವರು ಹೇಳಿ.

ಉತ್ತರ: ಕನ್ನಡ ಮೇಷ್ಟ್ರು
ಧಾರಾಳವಾಗಿ ಬರೆಯಮ್ಮ. ನಿಮ್ಮ ಮಾವ ಹೇಳೋದು ‘ವಾತ್ಸಲ್ಯ’ಕ್ಕೆ ಸರಿ. ವತ್ಸ ಅಂದರೆ ಕರು. ಹಸು ಕರುವಿನ ಮೇಲಿಟ್ಟ ಪ್ರೀತಿ ಅದು, ಹಿರಿಯರಿಂದ ಕಿರಿಯರಿಗೇ ಬರಬೇಕು. ಅಕ್ಕರೆಗೆ ಆ ಕಟ್ಟಿಲ್ಲ. ಗೆಳೆಯನಿಗೂ ಸಲ್ಲುತ್ತದೆ, ಅಕ್ಕನಿಗೂ ಸಲ್ಲುತ್ತದೆ. ಮದುವೆಗೆ ‘ಅಕ್ಕರೆಯ ಕರೆಯೋಲೆ’ ಅಚ್ಚು ಹಾಕಿಸುತ್ತಾರಲ್ವಾ, ಅದನ್ನು ಹಿರಿಯರ ಕೈಗೂ ಕೊಡುತ್ತೇವೆ.

ಇನ್ನೊಂದು ಮಾತು. ‘ಪ್ರೀತಿಸುತ್ತೇನೆ’ ಅನ್ನುತ್ತೇವೆ, ‘ಅಕ್ಕರಿಸುತ್ತೇನೆ’ ಅಂತ ಯಾರೂ ಅನ್ನಲ್ಲ. ಅಕ್ಕರೆಯಿಂದ ಬಡಿಸಿದರು, ಅಕ್ಕರೆಯಿಂದ ಮಾತಾಡಿಸಿದರು, ಅಕ್ಕರೆಯಿಂದ ತಲೆ ನೇವರಿಸಿದರು. ಪಕ್ಕದಲ್ಲಿ ಒಂದು ಕೆಲಸ ಇದ್ದರೇನೇ ಈ ಪದಕ್ಕೆ ಜೀವ. ಹಪ್ಪಳ ಸುಟ್ಟು ಕೊಡುವ ಅಜ್ಜಿಗೆ ಇದಕ್ಕಿಂತ ಒಪ್ಪುವ ಪದ ನನಗಂತೂ ಹೊಳೆಯಲ್ಲ.

ಉತ್ತರ: ಕೋಲಾರದವನು
ಮೇಷ್ಟ್ರೇ, ನಮ್ಮ ಕಡೆ ತೆಲುಗು ಜಾಸ್ತಿ. ಊಟಕ್ಕೆ ಕರೆದರೆ ‘ಅಕ್ಕರ ಲೇದು’ ಅನ್ನುತ್ತಾರೆ, ಬೇಡ ಅಂತ. ಅದೂ ಇದೂ ಒಂದೇನಾ?

ಉತ್ತರ: ಕನ್ನಡ ಮೇಷ್ಟ್ರು
ಬೇರು ಒಂದೇ. ಹಳಗನ್ನಡದಲ್ಲಿ ಈ ಪದದ ‘ರ’ ನಮ್ಮ ಈಗಿನ ರ ಅಲ್ಲ, ಶಕಟರೇಫ, ಅಂದರೆ ಱ. ನಾವು ಅದನ್ನು ಬಿಟ್ಟೆವು, ತಮಿಳರು ಉಳಿಸಿಕೊಂಡಿದ್ದಾರೆ. ಅವರಲ್ಲಿ ‘ಅಕ್ಕಱೈ’ ಅಂದರೆ ಕಾಳಜಿ. ಅದೇ ಸಾದಾ ರ ಹಾಕಿ ‘ಅಕ್ಕರೈ’ ಅಂದರೆ ಆಚೆ ದಡ, ಅದು ಬೇರೆಯೇ ಪದ. ತೆಲುಗಿನಲ್ಲಿ ಬೇಕು ಅನ್ನೋದು, ತಮಿಳಿನಲ್ಲಿ ಕಾಳಜಿ, ನಮ್ಮಲ್ಲಿ ಪ್ರೀತಿ. ಮೂರೂ ಹತ್ತಿರದವೇ ನೋಡಿ. ಬೇಕಾದವರ ಬಗ್ಗೆ ತಾನೇ ಕಾಳಜಿ ಹುಟ್ಟೋದು? ‘ಅವರು ನಮಗೆ ಬೇಕಾದವರು’ ಅಂತ ಈಗಲೂ ಅನ್ನುತ್ತೇವಲ್ಲ.

ಉತ್ತರ: ಶಿವಮೊಗ್ಗದ ಮೊಮ್ಮಗಳು
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ಮಾವನಿಗೆ ಓದಿ ಹೇಳಿದೆ. ‘ಅಕ್ಕರೆಯ’ ಇರಲಿ, ಆದರೆ ‘ಅಜ್ಜಿಗೆ’ ತೆಗೆದು ‘ಅಮ್ಮಮ್ಮನಿಗೆ’ ಅಂತ ಹಾಕು, ಮನೆಯಲ್ಲಿ ನೀವೆಲ್ಲ ಕರೆಯೋದು ಹಾಗೇ ತಾನೇ ಅಂದರು. ಹಾಗೇ ಬರೆದು ನಾಳೆ ಪ್ರಿಂಟಿಗೆ ಕೊಡುತ್ತೇವೆ.