ಗಿರಿರಾಜ ಕೋಳಿ ಮರಿ ಏಳಿಗೆಯಾಗ್ತಿಲ್ಲ, ಲಸಿಕೆ ಮತ್ತೆ ಹಾಕಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, 60 ಗಿರಿರಾಜ ಮರಿ, 19 ದಿನದವು. ಐದನೇ ದಿನಕ್ಕೆ ಸ್ಟಾರ್ಟರ್ ಮೇವು (ಎಳೆ ಮರಿಗಳ ಮೇವು) ಮುಗೀತು. ಆಮೇಲೆ ಅಕ್ಕಿ ನುಚ್ಚು, ರಾಗಿ ಅಷ್ಟೇ. ಹೊಟ್ಟೆ ತುಂಬಾ ತಿಂತಾವೆ, ಆದ್ರೂ ಅರ್ಧದಷ್ಟು ಮರಿ ಬೆಳೆದೇ ಇಲ್ಲ, ರೆಕ್ಕೆ ಜೋತು ಬಿದ್ದಿದೆ. 7ನೇ ದಿನ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಕಣ್ಣಿಗೆ ಹಾಕುವ ಲಸೋಟಾ ಲಸಿಕೆ ಹಾಕಿಸಿದ್ದೆವು, ಗಂಬೊರೊ ರೋಗದ ಲಸಿಕೆ ಹಾಕಿಸಿಲ್ಲ. ಪಕ್ಕದ ಊರಲ್ಲಿ ಈಗ ಕೊಕ್ಕರೆ ರೋಗ ಬಂದಿದೆ.

ಉತ್ತರ (ಪಶುವೈದ್ಯ): ಹೊಟ್ಟೆ ತುಂಬಿದೆ, ಆದರೆ ಮೈಗೆ ಬರಗಾಲ. ಈ ವಯಸ್ಸಿಗೆ ಮೇವಿನಲ್ಲಿ ಸುಮಾರು 20% ಪ್ರೋಟೀನ್ ಬೇಕು. ನುಚ್ಚು, ರಾಗಿಯಲ್ಲಿ ಇರೋದು 7–8%. ಪುಕ್ಕ, ಸ್ನಾಯು, ರೋಗದ ಮೇಲೆ ಹೋರಾಡುವ ಪ್ರತಿಕಾಯ ಎಲ್ಲವೂ ಪ್ರೋಟೀನಿನಿಂದಲೇ ಆಗಬೇಕು. ಅದು ಸಾಲದಾದಾಗ ಬೆಳವಣಿಗೆ ನಿಲ್ಲುತ್ತೆ, ಪ್ರತಿಕಾಯಕ್ಕೆ ಬೇಕಾದ ಜೀವಕೋಶಗಳು ಬೆಳೆಯುವ ಬರ್ಸಾ, ಥೈಮಸ್ ಗ್ರಂಥಿಗಳು ಕುಗ್ಗುತ್ತವೆ. ಲಸಿಕೆ ಕಣ್ಣಿಗೆ ಬಿದ್ದಿದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸಿರಲಾರದು. ಸಾಲದ್ದಕ್ಕೆ ತಾಯಿಯಿಂದ ಬಂದ ರಕ್ಷಣೆ ಎರಡು-ಮೂರು ವಾರದಲ್ಲಿ ಇಳಿದುಬಿಡುತ್ತೆ. ನಿಮ್ಮ ಮರಿ ಸರಿಯಾಗಿ ಆ ಹೊತ್ತಿನಲ್ಲಿವೆ.

ಮೊದಲು ಹಿಕ್ಕೆ ನೋಡಿ. ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ (ಪರಾವಲಂಬಿಯಿಂದ ಬರುವ ಕರುಳಿನ ರೋಗ) ಇರಬಹುದು, ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಇಲ್ಲವಾದರೆ ಇವತ್ತೇ ಸ್ಟಾರ್ಟರ್ ತನ್ನಿ, ಎರಡು ದಿನ ನುಚ್ಚಿನ ಜೊತೆ ಅರ್ಧರ್ಧ ಬೆರೆಸಿ, ಮೂರನೇ ದಿನದಿಂದ ಪೂರ್ತಿ ಅದೇ. ಸಣ್ಣ ಮರಿಗಳನ್ನು ಬೇರೆ ಮಾಡಿ, ಅವಕ್ಕೆ ಬೇರೆ ತಟ್ಟೆ ಇಡಿ. ಒಟ್ಟಿಗಿದ್ದರೆ ದೊಡ್ಡವು ತಳ್ಳಿ ತಿಂದುಬಿಡ್ತಾವೆ.

ಚುರುಕಾಗಿರುವ ಮರಿಗೆ ಕಾಯದೆ ಲಸೋಟಾ ಮತ್ತೆ ಹಾಕಿಸಿ. ಕುಗ್ಗಿದವು ನಾಲ್ಕೈದು ದಿನ ಮೇವು ಹಿಡಿದ ಮೇಲೆ. ಗಂಬೊರೊ ಅದಾದ ಒಂದು ವಾರಕ್ಕೆ. ಎರಡನ್ನೂ ಒಂದೇ ದಿನ ಬೇಡ.

ಸದಸ್ಯರ ಪ್ರಶ್ನೆ: ಸ್ಟಾರ್ಟರ್ ದುಬಾರಿ ಸರ್. ಮನೇಲಿ ಮಾಡಬಹುದಾ? ಕಡಲೆಕಾಯಿ ಹಿಂಡಿ ಹಾಕಿದ್ರೆ?

ಉತ್ತರ: 10 ಕೆಜಿಗೆ ಮುಸುಕಿನ ಜೋಳದ ನುಚ್ಚು 6 ಕೆಜಿ, ಸೋಯಾ ಹಿಂಡಿ 3.3 ಕೆಜಿ, ಅಕ್ಕಿ ತೌಡು 350 ಗ್ರಾಂ, ಕೋಳಿಯ ಖನಿಜ ಮಿಶ್ರಣ 300 ಗ್ರಾಂ, ಉಪ್ಪು 30 ಗ್ರಾಂ, ಮೆಥಿಯೊನಿನ್ (ಪ್ರೋಟೀನಿನ ಒಂದು ಘಟಕ) 15 ಗ್ರಾಂ. ವಿಟಮಿನ್ ಪ್ರಿಮಿಕ್ಸ್ ಪೊಟ್ಟಣದ ಮೇಲೆ ಹೇಳಿದಷ್ಟು. ಹಸಿ ಸೋಯಾ ಕಾಳು ಬೀಸಿ ಹಾಕಬೇಡಿ, ಅದು ಪ್ರೋಟೀನ್ ಜೀರ್ಣವಾಗೋಕೇ ಬಿಡಲ್ಲ. ಮೊಟ್ಟೆ ಕೋಳಿಯ ಮೇವೂ ಬೇಡ, ಅದರಲ್ಲಿರುವ ಸುಣ್ಣ ಮರಿಯ ಮೂತ್ರಪಿಂಡ ಕೆಡಿಸುತ್ತೆ.

ಕಡಲೆಕಾಯಿ ಹಿಂಡಿಯ ಭಯವೆಂದರೆ ಬೂಷ್ಟು. ಅದರಲ್ಲಿನ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನೂ ಬರ್ಸಾವನ್ನೂ ಕೆಡಿಸುತ್ತೆ, ಅಂದರೆ ಯಾವ ಕೊರತೆ ತುಂಬೋಕೆ ಹೊರಟಿರೋ ಅದೇ ಹೆಚ್ಚಾಗುತ್ತೆ. ಮಳೆಗಾಲದ ದಾಸ್ತಾನು ಅಂತೂ ಮುಟ್ಟಬೇಡಿ.

ಪ್ರಶ್ನೆ: ಸಣ್ಣವು ಸಣ್ಣಗೇ ಉಳೀತಾವಾ?

ಉತ್ತರ: ತೂಕ ಬಹುಪಾಲು ಮರಳಿ ಬರುತ್ತೆ, ಎಲುಬಿನ ಚೌಕಟ್ಟು ಅಷ್ಟು ಸುಲಭವಾಗಿ ಬರಲ್ಲ. ಅದು ಬಹುತೇಕ ಬೆಳೆಯೋದು ಮೊದಲ 12 ವಾರದಲ್ಲಿ. ಈಗ ಹಿಡಿದರೆ ಇನ್ನೂ ಹೊತ್ತಿದೆ. ಹೇಂಟೆ ಮೊಟ್ಟೆಗೆ ಬರೋದು ತಡವಾಗಬಹುದು. ವಾರಕ್ಕೊಮ್ಮೆ ಹತ್ತು ಮರಿ ತೂಗಿ ಬರೆದಿಡಿ. 8 ವಾರಕ್ಕೆ ಹಾಕುವ ಆರ್2ಬಿ (ಕೊಕ್ಕರೆ ರೋಗದ್ದೇ ಇನ್ನೊಂದು ಲಸಿಕೆ) ಚುಚ್ಚುಮದ್ದಿನ ದಿನ ಈ ಲೆಕ್ಕ ಬೇಕಾಗುತ್ತೆ: ಆ ಲಸಿಕೆ ಜೋರು, ಸೊರಗಿದ ಕೋಳಿಗೆ ಅದೇ ಕಾಯಿಲೆ ತರಬಹುದು. ಹಿಂದೆ ಬಿದ್ದವಕ್ಕೆ ತೂಕ ಬರುವವರೆಗೆ ಆರ್2ಬಿ ತಡೆದು, ಲಸೋಟಾವನ್ನೇ ಮತ್ತೊಮ್ಮೆ ಕೊಡಿಸಿ.