ಅಪ್‌ಡೇಟ್: ಶ್ರೀಲಂಕಾದಲ್ಲಿರುವ ಉಕ್ರೇನಿನವರ ವೀಸಾ

ಹೋದ ಸಲ ಕೇಳಿದ್ದು ಇಷ್ಟು: ಶ್ರೀಲಂಕಾದ ದಕ್ಷಿಣ ಕರಾವಳಿಯ ಉನವಟುನ, ಮಿರಿಸ್ಸ ಊರುಗಳ ಕಡೆ ಪ್ರವಾಸಿ ವೀಸಾದಲ್ಲಿ ಉಳಿದಿರುವ ಉಕ್ರೇನಿನವರು 2024ರ ಮಾರ್ಚ್ 7ರೊಳಗೆ ಹೊರಡಲೇಬೇಕಾ? ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ.

ವಲಸೆ ಇಲಾಖೆ ಫೆಬ್ರವರಿ 23ರಿಂದ ಎರಡು ವಾರ ಗಡುವು ಕೊಟ್ಟಿತ್ತು. ಸಂಪುಟದ ಒಪ್ಪಿಗೆಯಿಲ್ಲದೆ ನೋಟಿಸ್ ಹೋದದ್ದು ಹೇಗೆಂದು ಆಗಿನ ಅಧ್ಯಕ್ಷ ರನಿಲ್ ವಿಕ್ರಮಸಿಂಘೆ ತನಿಖೆಗೆ ಹೇಳಿದರು. ಅಂದಮಾತ್ರಕ್ಕೆ ಉಳಿಯುವ ಹಕ್ಕು ಸಿಕ್ಕಿತೆಂದಲ್ಲ. ಶ್ರೀಲಂಕಾ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಯುದ್ಧದಿಂದ ಓಡಿಬಂದವರೂ ಕಾಗದದ ಮೇಲೆ ಬರೀ ಪ್ರವಾಸಿಗರೇ.

ಹಾಗಾಗಿ ಪಾಸ್‌ಪೋರ್ಟಿನಲ್ಲಿರುವ ವೀಸಾ ಅವಧಿಯ ತಾರೀಕೇ ಮುಖ್ಯ. ಕೊನೆಯ ಸಲ ಬಂದಿಳಿದ ಮುದ್ರೆಯ ಪುಟ ತೆರೆದು, ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ. ಆ ಪುಟವನ್ನು ಹಗಲು ಬೆಳಕಿನಲ್ಲಿ, ಅಂಕಿಗಳು ಓದುವಂತೆ ಫೋಟೊ ತೆಗೆಯಿರಿ. ಅರ್ಜಿಯ ರಸೀದಿಯೇ ವೀಸಾ ಅಂದುಕೊಳ್ಳಬೇಡಿ. ಪ್ರವಾಸಿ ವೀಸಾದಲ್ಲಿ ಕೆಫೆ, ಗೆಸ್ಟ್‌ಹೌಸ್ ನಡೆಸುವಂತಿಲ್ಲ. ಆದರೂ ನಡೆಸುತ್ತಿದ್ದಾರೆಂದೇ ಸ್ಥಳೀಯರು ದೂರಿದ್ದು, ಆ ದೂರಿನಲ್ಲಿ ನ್ಯಾಯವಿದೆ.

ನಿಜವಾದ ಕಗ್ಗಂಟು ಪಾಸ್‌ಪೋರ್ಟ್ ನವೀಕರಣ. 2024ರ ಮೇ 18ರಿಂದ ಜಾರಿಯಾದ ಕಾನೂನಿನಂತೆ, 18ರಿಂದ 60 ವರ್ಷದ ಉಕ್ರೇನ್ ಗಂಡಸರು ವಿದೇಶದಲ್ಲಿ ಕಾನ್ಸುಲರ್ ಸೇವೆ (ಪಾಸ್‌ಪೋರ್ಟ್‌ನಂಥ ರಾಯಭಾರ ಕಚೇರಿಯ ಸೇವೆ) ಪಡೆಯಲು ಸಾಮಾನ್ಯವಾಗಿ ಸೇನಾ ನೋಂದಣಿ ದಾಖಲೆ ತೋರಿಸಬೇಕು. ಪಾಸ್‌ಪೋರ್ಟ್ ಮುಗಿಯುತ್ತ ಬಂದಿದ್ದರೆ ಆ ದಾಖಲೆಯನ್ನು ಮೊದಲು ಸರಿಮಾಡಿಕೊಳ್ಳಿ, ಆದರೆ ವೀಸಾ ಅವಧಿ ಮೀರಲು ಬಿಡಬೇಡಿ.