ಶಿವಮೊಗ್ಗದಲ್ಲಿ ಮಕ್ಕಳು ಸೈಕಲ್‌ನಲ್ಲಿ ಶಾಲೆಗೆ ಹೋಗಬೇಕಾದರೆ ಮೊದಲು ಏನು ಕೇಳಬೇಕು?

ವಿನೋಬನಗರದ ತಾಯಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಬಡಾವಣೆಯ ಕೆಲವು ಪೋಷಕರು ಸೇರಿ ಒಂದು ಮನವಿ ಕೊಡಬೇಕು ಅಂದುಕೊಂಡಿದ್ದೇವೆ. ನನ್ನ ಮಗಳು ಒಂಬತ್ತನೇ ಕ್ಲಾಸು. ಶಾಲೆ ದುರ್ಗಿಗುಡಿ ಕಡೆ. ಸೈಕಲ್‌ಗೆ ಹೇಳಿ ಮಾಡಿಸಿದ ದೂರ. ಆದರೂ ದಿನಾ ಸ್ಕೂಟಿಯಲ್ಲೇ ಬಿಟ್ಟು ಬರುತ್ತೇನೆ. ನಮ್ಮ ಬೀದಿಯ ಉಳಿದ ತಾಯಂದಿರದ್ದೂ ಇದೇ ಕಥೆ. ಮನೆಯಲ್ಲಿ ಸೈಕಲ್ ಇದೆ, ಗಾಳಿ ತುಂಬಿಸಿ ನಿಲ್ಲಿಸಿದೆ. ಬೀದಿ ತುದಿಯ ತನಕ ಮಾತ್ರ ಹೋಗುತ್ತದೆ.

ನನ್ನ ತಂಗಿ ಓದಿದ್ದು ಹೊಸನಗರದ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತಲ್ಲ, ಅವಳಿಗೂ ಒಂದು ಬಂತು. ಏರಿನಲ್ಲಿ ಇಳಿದು ತಳ್ಳಬೇಕು, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಳ್ಳಬೇಕು. ಆದರೂ ಆ ಸೈಕಲ್ ಇಲ್ಲದಿದ್ದರೆ ಅವಳು ಹತ್ತನೇ ಕ್ಲಾಸು ಮುಗಿಸುತ್ತಿರಲಿಲ್ಲ, ಇದನ್ನು ಅವಳೇ ಹೇಳುತ್ತಾಳೆ. ಕೋವಿಡ್ ಬಂದಾಗ ಆ ಹಂಚಿಕೆ ನಿಂತಿತು. ಅಷ್ಟು ಹಳ್ಳಿಯ ಹುಡುಗಿಯರು ಕಾಡಿನ ದಾರಿಯಲ್ಲಿ ಸೈಕಲ್ ತುಳಿದ ಜಿಲ್ಲೆ ಇದು. ಜಿಲ್ಲಾ ಕೇಂದ್ರದಲ್ಲಿ ನನ್ನ ಮಗಳನ್ನು ಕಳಿಸಲು ನನಗೆ ಧೈರ್ಯ ಬರುತ್ತಿಲ್ಲ.

ಭಯ ಯಾಕೆ ಅಂತ ಹೇಳುತ್ತೇನೆ. ನಮ್ಮ ದಾರಿಯಲ್ಲಿ ಒಂದು ಕಡೆ ಸೈಕಲ್‌ಗೆ ಅಂತ ಬಣ್ಣ ಬಳಿದ ಜಾಗ ಇದೆ. ಸ್ವಲ್ಪ ದೂರ ಚೆನ್ನಾಗಿದೆ. ಆಮೇಲೆ ಎದುರಿಗೇ ಟ್ರಾನ್ಸ್‌ಫಾರ್ಮರ್. ಅಲ್ಲಿ ಗೇಣುದ್ದದ ಮೆಟ್ಟಿಲು ಇಳಿದು ರಸ್ತೆಗೆ ಬರಬೇಕು. ಇಳಿಯುವ ಜಾಗದಲ್ಲೇ ಚರಂಡಿಯ ಕಬ್ಬಿಣದ ಜಾಲರಿ. ಅದರ ಸರಳುಗಳು ರಸ್ತೆ ಹೋಗುವ ದಿಕ್ಕಿಗೇ ಇವೆ, ಸಂದಿ ಎಷ್ಟಿದೆ ಅಂದರೆ ಮಗಳ ಸೈಕಲ್ಲಿನ ಮುಂದಿನ ಚಕ್ರ ಸೀದಾ ಒಳಗೆ ಹೋಗುತ್ತದೆ. ಚಕ್ರ ಸಿಕ್ಕಿಕೊಂಡರೆ ಮಗು ತಲೆ ಕೆಳಗಾಗಿ ಬೀಳುತ್ತದೆ, ಹಿಂದೆ ಸಿಟಿ ಬಸ್ಸು. ಅದನ್ನು ನೋಡಿದ ದಿನವೇ ಈ ಮನವಿಯ ಯೋಚನೆ ಬಂದದ್ದು.

ಜೊತೆಯವರು "ಊರಿಗೆಲ್ಲ ಸೈಕಲ್ ಟ್ರ್ಯಾಕ್ ಮಾಡಿ ಅಂತ ಒಂದೇ ಸಾಲು ಬರೆಯೋಣ" ಅನ್ನುತ್ತಿದ್ದಾರೆ. ನನಗೆ ಅದು ಸಾಲದು ಅನಿಸುತ್ತದೆ. ಏನು ಕೇಳಬೇಕು, ಯಾರನ್ನು ಕೇಳಬೇಕು? ತಿಳಿದವರು ಹೇಳಿ.

ಭದ್ರಾವತಿ ಹಿರಿಯ

ತಾಯಿ, ನಾನು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. 1923ರಲ್ಲಿ ಶುರುವಾದ ಕಾರ್ಖಾನೆ ಅದು. ಶಿಫ್ಟು ಬಿಟ್ಟ ಸೈರನ್ ಕೂಗಿದರೆ ಗೇಟಿನಿಂದ ಸೈಕಲ್ಲುಗಳು ಹೊಳೆಯ ಹಾಗೆ ಹರಿಯುತ್ತಿದ್ದವು. ಪೇಪರ್ ಟೌನ್ ಕಡೆಯೂ ಹಾಗೇ. ಹ್ಯಾಂಡಲ್ಲಿಗೆ ಟಿಫನ್ ಕ್ಯಾರಿಯರ್, ಹಿಂದೆ ಕ್ಯಾರಿಯರ್ ಮೇಲೆ ಸಂತೆ ಚೀಲ. ಆಗ ಟ್ರ್ಯಾಕ್ ಅಂತ ಏನೂ ಇರಲಿಲ್ಲ. ಬೇಕೂ ಆಗಿರಲಿಲ್ಲ. ಲಾರಿಯವನು ಸೈಕಲ್ಲಿನ ಹಿಂದೆ ನಿಧಾನಕ್ಕೆ ಬರುತ್ತಿದ್ದ, ಯಾಕೆಂದರೆ ರಸ್ತೆ ತುಂಬ ನಾವೇ ಇರುತ್ತಿದ್ದೆವು.

ಹಾಗಾಗಿ ಮೊದಲು ವೇಗ ಕಮ್ಮಿ ಮಾಡಿಸಿ ಅಂತ ಕೇಳಿ. ಬಡಾವಣೆಯ ಒಳಗಿನ ರಸ್ತೆಗಳಲ್ಲಿ ಟ್ರ್ಯಾಕ್ ಕಟ್ಟುವುದು ದುಡ್ಡು ದಂಡ. ಅಲ್ಲಿ ಗಾಡಿಗಳು ನಿಧಾನವಾದರೆ ಸಾಕು.

ಇನ್ನೊಂದು ಮಾತು. ಸೈಕಲ್ ಅಂದರೆ ಶಾಲೆ ಮಕ್ಕಳು, ಭಾನುವಾರ ಹೆಲ್ಮೆಟ್ ಹಾಕಿಕೊಂಡು ಗಾಜನೂರು, ಸಕ್ರೆಬೈಲಿಗೆ ಹೋಗುವವರು, ಇಷ್ಟೇ ಕಣ್ಣಿಗೆ ಬೀಳುತ್ತದೆ. ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ಈಗಲೂ ಸೈಕಲ್ಲಿನಲ್ಲಿ ಹೋಗುವವರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಿ.ಎಚ್. (ಬೆಂಗಳೂರು-ಹೊನ್ನಾವರ) ರಸ್ತೆಯ ಅಂಚಿನಲ್ಲಿ ಕತ್ತಲಲ್ಲಿ ಬರುತ್ತಾರೆ. ಅವರು ಯಾರಿಗೂ ಮನವಿ ಕೊಡುವುದಿಲ್ಲ. ನಿಮ್ಮ ಮನವಿಯಲ್ಲಿ ಅವರಿಗೂ ಒಂದು ಸಾಲು ಇರಲಿ.

ಗೋಪಾಳದ ಸಿವಿಲ್ ಇಂಜಿನಿಯರ್

ಮೇಡಂ, ನೀವು ಬರೆದ ಜಾಲರಿಯೇ ನಿಮ್ಮ ಮೊದಲ ಬೇಡಿಕೆ ಆಗಲಿ. ಸರಳುಗಳು ಸೈಕಲ್ ಹೋಗುವ ದಿಕ್ಕಿಗೆ ಅಡ್ಡಡ್ಡ ಇರಬೇಕು. ಜಾಲರಿಯನ್ನು ತಿರುಗಿಸಿ ಕೂರಿಸಬೇಕು, ಆಗದಿದ್ದರೆ ಮೇಲೆ ಅಡ್ಡಪಟ್ಟಿ ಬೆಸೆಯಬೇಕು. ವೆಲ್ಡಿಂಗ್ ಮಾಡುವವನ ಒಂದು ದಿನದ ಕೆಲಸ. ಇದಕ್ಕೆ ಯೋಜನೆ, ಟೆಂಡರ್ ಅಂತ ಕಾಯಬೇಕಿಲ್ಲ.

ಹಿರಿಯರು ಹೇಳಿದ ವೇಗದ ಮಾತು ಪೂರ್ತಿ ಸರಿ. ನಡೆಯುವವರು, ಸೈಕಲ್, ಗಾಡಿಗಳು ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮೀರಬಾರದು ಅಂತ ರಸ್ತೆ ಸುರಕ್ಷತೆಯ ಬಗೆಗಿನ 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲೇ ಇದೆ. ಆದರೆ ಬೋರ್ಡು ಹಾಕಿದ ಮಾತ್ರಕ್ಕೆ ಯಾರೂ ನಿಧಾನ ಆಗುವುದಿಲ್ಲ. ಅಡ್ಡರಸ್ತೆ ಸೇರುವ ಕಡೆ ರಸ್ತೆಯನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಬೇಕು. ತಿರುವಿನ ಮೂಲೆ ಅಗಲ ಇದ್ದರೆ ಕಾರು ಜೋರಾಗಿ ತಿರುಗುತ್ತದೆ, ಚಿಕ್ಕದು ಮಾಡಿದರೆ ತಾನಾಗೇ ಬ್ರೇಕ್ ಹಾಕುತ್ತಾರೆ.

ದೊಡ್ಡ ರಸ್ತೆಗಳಿಗೆ ಮಾತ್ರ ಟ್ರ್ಯಾಕ್ ಬೇಕೇ ಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಇದೆ, ಐಆರ್‌ಸಿ 11, 2015ರದ್ದು. ಕನಿಷ್ಠ 2 ಮೀಟರ್ ಅಗಲ ಕೇಳಿ. ಒಬ್ಬರನ್ನೊಬ್ಬರು ದಾಟಲು ಅಷ್ಟಾದರೂ ಬೇಕು. ಮೇಲ್ಮೈ ಡಾಂಬರು ಅಥವಾ ಕಾಂಕ್ರೀಟು ಇರಲಿ. ಪೇವರ್ ಬ್ಲಾಕ್ ಬೇಡ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬ್ಲಾಕಿನ ಸಂದಿಯಲ್ಲಿ ಪಾಚಿ ಕಟ್ಟುತ್ತದೆ, ಒಂದೊಂದು ಬ್ಲಾಕ್ ಕುಸಿಯುತ್ತದೆ. ಸೈಕಲ್ ಜಾರಲು ಅಷ್ಟು ಸಾಕು. ಪಟ್ಟಿಗೆಲ್ಲ ನುಣುಪು ಬಣ್ಣ ಬಳಿಯುವುದೂ ಮಳೆಯಲ್ಲಿ ಅಪಾಯ.

ಎಲ್ಲಕ್ಕಿಂತ ಮುಖ್ಯ, ತುಂಡು ತುಂಡು ಟ್ರ್ಯಾಕ್ ಒಪ್ಪಬೇಡಿ. ಸ್ಪೇನಿನ ಸೆವಿಯಾ ಊರಿನಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಸೈಕಲ್ ತುಳಿಯುವವರೇ ವಿರಳ ಇದ್ದರು. 2006-07ರ ಸುಮಾರಿಗೆ ಒಂದಕ್ಕೊಂದು ಕೂಡಿಕೊಂಡ ಸುಮಾರು 80 ಕಿ.ಮೀ. ದಾರಿಯನ್ನು ಬೇಗಬೇಗ ಕಟ್ಟಿದರು, ಅದಕ್ಕಾಗಿ ಪಾರ್ಕಿಂಗ್ ಜಾಗಗಳನ್ನೂ ತೆಗೆದರು. ಕೆಲವೇ ವರ್ಷಗಳಲ್ಲಿ ಸೈಕಲ್ ಸವಾರರು ಹಲವು ಪಟ್ಟು ಜಾಸ್ತಿಯಾದರು. ದಾರಿ ಎಲ್ಲಿಯೂ ಕಡಿಯಲಿಲ್ಲ, ಅದೇ ಕಾರಣ.

ಯಾರನ್ನು ಕೇಳಬೇಕು ಅಂದಿರಿ. ಮೊದಲು ಆ ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಿ. ಬೆಂಗಳೂರು-ಹೊನ್ನಾವರ ಹೆದ್ದಾರಿಯ ಮೇಲೆ ಊರಿನೊಳಗಿನ ಕೆಲಸ ಆಗಬೇಕಾದರೆ ಹೆದ್ದಾರಿಯವರು ಒಪ್ಪಬೇಕು. ಬಡಾವಣೆ ರಸ್ತೆ ಪಾಲಿಕೆಯದ್ದು. ಒಂದೇ ಅರ್ಜಿಯಲ್ಲಿ ಎರಡನ್ನೂ ಬರೆದರೆ ಇವರು ಅವರ ಕಡೆ ತೋರಿಸುತ್ತಾರೆ. ಬೇರೆ ಬೇರೆ ಬರೆಯಿರಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನುವ ಕಲಂ ಸೇರಿದೆ. ನಿಗದಿತ ಮಾನದಂಡ ಬಿಟ್ಟು ರಸ್ತೆ ಮಾಡಿ, ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತವರಿಗೆ 1 ಲಕ್ಷ ರೂಪಾಯಿ ತನಕ ದಂಡ. ಅರ್ಜಿಯಲ್ಲಿ ಅದನ್ನು ಮರ್ಯಾದೆಯಿಂದಲೇ ಉಲ್ಲೇಖಿಸಿ.

ಗಾಂಧಿ ಬಜಾರ್ ಅಂಗಡಿಯವ

ಅಕ್ಕಾ, ನಿಮ್ಮ ಕಳಕಳಿ ಅರ್ಥ ಆಗುತ್ತದೆ, ನನಗೂ ಮಕ್ಕಳಿದ್ದಾರೆ. ಆದರೆ ಸ್ಪೇನಿನವರು ಪಾರ್ಕಿಂಗ್ ತೆಗೆದರು ಅಂತ ಇಲ್ಲಿ ತೆಗೆದರೆ ನಮ್ಮ ವ್ಯಾಪಾರ ಕೂತುಹೋಗುತ್ತದೆ. ಗಿರಾಕಿ ಗಾಡಿ ನಿಲ್ಲಿಸಲು ಜಾಗ ಸಿಗದಿದ್ದರೆ ಮುಂದಕ್ಕೆ ಹೋಗಿಬಿಡುತ್ತಾನೆ. ಮಾಲು ಇಳಿಸುವ ಆಟೋ ಎಲ್ಲಿ ನಿಲ್ಲಬೇಕು?

ಟ್ರ್ಯಾಕ್ ಬರಲಿ, ಬೇಡ ಅನ್ನುವುದಿಲ್ಲ. ಅಂಗಡಿ ಸಾಲಿನ ಹಿಂದಿನ ಕನ್ಸರ್ವೆನ್ಸಿ (ಕಸ, ಚರಂಡಿ ಕೆಲಸಕ್ಕೆ ಬಿಟ್ಟ) ಗಲ್ಲಿಗಳನ್ನು ದ್ವಿಚಕ್ರ ವಾಹನ ನಿಲ್ಲಿಸಲು ಬಿಡಿಸಿಕೊಡಲಿ. ಮಾಲು ಇಳಿಸಲು ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು ಅಂತ ಸಮಯ ಕೊಡಲಿ. ಇವೆರಡು ಆದ ಮೇಲೆ ಟ್ರ್ಯಾಕ್ ಮಾಡಿದರೆ ಅಡ್ಡ ಗಾಡಿ ನಿಲ್ಲಿಸಬೇಡಿ ಅಂತ ಗಿರಾಕಿಗೆ ನಾವೇ ಹೇಳುತ್ತೇವೆ. ನಮ್ಮನ್ನು ಕೇಳದೆ ಮಾಡಿದರೆ ಆ ಪಟ್ಟಿಯ ಮೇಲೆ ನಾಲ್ಕು ದಿನದಲ್ಲಿ ಸ್ಕೂಟರ್ ಸಾಲು ನಿಲ್ಲುತ್ತದೆ.

ನವುಲೆ ಸ್ಟೂಡೆಂಟ್

ಆಂಟಿ, ನಾನು ಸೈಕಲ್‌ನಲ್ಲೇ ಕಾಲೇಜಿಗೆ ಹೋಗುತ್ತೇನೆ. ಯಾರಾದರೂ "ತುಂಗಾ ಚಾನಲ್ ಏರಿ ಮೇಲೆ ದಾರಿ ಮಾಡೋಣ, ಗಾಡಿನೇ ಇರಲ್ಲ" ಅಂದರೆ ಸುಮ್ನೆ ಒಪ್ಪಬೇಡಿ. ಬೆಳಿಗ್ಗೆ ಅದು ಚೆಂದ. ಸಂಜೆ ಟ್ಯೂಷನ್ ಮುಗಿಸಿ ಬರುವಾಗ ಅಲ್ಲಿ ಜನ ಇರುವುದಿಲ್ಲ, ಬೆಳಕೂ ಇರುವುದಿಲ್ಲ. ನಾವು ಹುಡುಗಿಯರು ಆ ದಾರಿ ಬಿಟ್ಟು ಅಂಗಡಿ ಇರುವ ರಸ್ತೆಯಲ್ಲೇ ಬರುತ್ತೇವೆ, ಬಸ್ಸು ಹಾರ್ನ್ ಹೊಡೆದರೂ ಪರವಾಗಿಲ್ಲ.

ಮತ್ತೆ ಸ್ಟ್ಯಾಂಡ್ ಕೇಳಿ. ಚೌಕಟ್ಟನ್ನೇ ಕಂಬಿಗೆ ಸೇರಿಸಿ ಬೀಗ ಹಾಕುವಂಥದ್ದು, ಮೇಲೆ ಶೀಟ್ ಇರಬೇಕು. ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಸ್ಟ್ಯಾಂಡ್‌ನಲ್ಲಿ ಸೈಕಲ್ ವಾಲಿ ರಿಮ್ ಸೊಟ್ಟ ಆಗುತ್ತದೆ. ಬಾಡಿಗೆ ಸೈಕಲ್ ಬೇಕು ಅನ್ನುವವರೂ ಇದ್ದಾರೆ. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್‌ಗಳೊಂದಿಗೆ ಟ್ರಿಣ್ ಟ್ರಿಣ್ ಶುರುವಾಯಿತು, ಒಳ್ಳೆಯದೇ. ಆದರೆ ನಮ್ಮ ಊರಿನಲ್ಲಿ ಸೈಕಲ್ ಮನೆಮನೆಯಲ್ಲಿ ಇದೆ. ಇಲ್ಲದಿರುವುದು ದಾರಿ.

ವಿನೋಬನಗರದ ತಾಯಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಾನಲ್ ಏರಿಯ ವಿಷಯ ನಮ್ಮ ಪಟ್ಟಿಯಲ್ಲಿ ಮೊದಲೇ ಇತ್ತು, ತೆಗೆದೆ. ಹುಡುಗಿಯರೇ ಹೋಗದ ದಾರಿ ನಮಗೆ ಬೇಡ.

ಒಂದೇ ಒಂದು ದಾರಿ ಕೇಳುತ್ತೇವೆ. ಪೊಲೀಸ್ ಚೌಕಿಯಿಂದ ಲಕ್ಷ್ಮೀ ಟಾಕೀಸ್ ಸರ್ಕಲ್, ಅಲ್ಲಿಂದ ಜೈಲ್ ರಸ್ತೆ ಹಿಡಿದು ದುರ್ಗಿಗುಡಿ. ಮಧ್ಯೆ ಎಲ್ಲೂ ಕಡಿಯಬಾರದು, ಸರ್ಕಲ್‌ಗಳಲ್ಲಿ ವಿಶೇಷವಾಗಿ. ಸರ್ಕಲ್ ಬಿಟ್ಟು ಉಳಿದ ಕಡೆ ಮಾತ್ರ ಮಾಡಿಕೊಡುತ್ತೇವೆ ಅಂದರೆ ಬೇಡ ಅಂತಲೇ ಹೇಳುತ್ತೇನೆ, ಮಕ್ಕಳಿಗೆ ಪೆಟ್ಟಾಗುವುದು ಅಲ್ಲೇ. ಜಾಲರಿಗೆ ಬೇರೆ ಅರ್ಜಿ, ಫೋಟೊ ಜೊತೆ, ನಾಳೆಯೇ ಕೊಡುತ್ತೇನೆ. ಬಿ.ಎಚ್. ರಸ್ತೆಯ ಬೆಳಕಿಗೆ ಮೂರನೆಯದು. ಭದ್ರಾವತಿ ಸರ್, ಮಾಚೇನಹಳ್ಳಿಯ ಪಾಳಿ ಎಷ್ಟು ಹೊತ್ತಿಗೆ ಬಿಡುತ್ತದೆ ಅಂತ ತಿಳಿಸಿ, ಅದನ್ನು ಬರೆಯಬೇಕು. ಅಂಗಡಿಯವರೇ, ಮಾಲು ಇಳಿಸುವ ಸಮಯದ ಮಾತು ನಿಮ್ಮ ಸಹಿಯೊಂದಿಗೇ ಹೋಗಲಿ, ಆಗ ತೂಕ ಬರುತ್ತದೆ.

ಭಾನುವಾರ ಬೆಳಿಗ್ಗೆ 7ಕ್ಕೆ ಪೊಲೀಸ್ ಚೌಕಿ ಹತ್ತಿರ ಸೇರೋಣ. ದಾರಿಯುದ್ದಕ್ಕೂ ಅಗಲ ಅಳೆದು ಬರೆದುಕೊಳ್ಳೋಣ. ಮಳೆ ಬಂದರೆ ಮುಂದಿನ ವಾರ.

ಗೋಪಾಳದ ಸಿವಿಲ್ ಇಂಜಿನಿಯರ್

ಮಳೆ ಬಂದರೂ ಬನ್ನಿ ಮೇಡಂ. ನೀರು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಆಗಲೇ ಕಾಣುವುದು. ಟೇಪು ನಾನು ತರುತ್ತೇನೆ, 30 ಮೀಟರಿನದ್ದು ಇದೆ.

ಗಾಂಧಿ ಬಜಾರ್ ಅಂಗಡಿಯವ

ಅಂಗಡಿ ತೆಗೆಯುವ ಮೊದಲು ಮುಗಿಯುವುದಾದರೆ ನಾನೂ ಬರುತ್ತೇನೆ.